ಹನ್ನೊಂದು ನಿಮಿಷ ನಾನು ನಿಂತಿದ್ದ ಜಾಗ

ಭಾನುವಾರ ಸಂಜೆ ನಾಲ್ಕು ಗಂಟೆ ಮೂವತ್ತೇಳು ನಿಮಿಷಕ್ಕೆ ಅಮ್ಮನ ಫೋನು ಬಂತು. ಆ ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ನನ್ನ ನೆನಪಿನ ಶಕ್ತಿಯಿಂದಲ್ಲ. ಮೊಬೈಲಿನ ಕರೆಗಳ ಪಟ್ಟಿಯಲ್ಲಿ ಅದು ಇವತ್ತಿಗೂ ಇದೆ. ಮಾತಾಡಿದ್ದು ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ನಮ್ಮ ಕಂಪನಿಯ ರಿಜಿಸ್ಟರಿನ ಪ್ರಕಾರ ಆ ಹನ್ನೊಂದು ನಿಮಿಷವೂ ನಾನು ಕೋಣೆಯ ಹೊರಗಿದ್ದೆ. ನಾನು ಒಳಗಿದ್ದೆ.

ನಾನು ಕೆಲಸ ಮಾಡುತ್ತಿದ್ದದ್ದು ಬೊಮ್ಮಸಂದ್ರದ ಒಂದು ಸಣ್ಣ ಪರೀಕ್ಷಾ ಕಂಪನಿಯಲ್ಲಿ. ಕಬ್ಬಿಣದ ಕೊಳವೆಗಳ ವೆಲ್ಡಿಂಗ್ ಒಳಗಿನಿಂದ ಸರಿಯಾಗಿದೆಯೇ ಎಂದು ಫಿಲಂ ತೆಗೆದು ನೋಡುವುದು ನಮ್ಮ ಕೆಲಸ. ಆಸ್ಪತ್ರೆಯಲ್ಲಿ ಮೂಳೆಯ ಎಕ್ಸ್-ರೇ ತೆಗೆಯುತ್ತಾರಲ್ಲ, ಹಾಗೆ. ಆದರೆ ನಮ್ಮಲ್ಲಿ ಎಕ್ಸ್-ರೇ ಯಂತ್ರದ ಬದಲು ಕೊತ್ತಂಬರಿ ಬೀಜದಷ್ಟು ದೊಡ್ಡ ಒಂದು ವಿಕಿರಣದ ಗುಳಿಗೆ ಇರುತ್ತದೆ. ನಾವು ಅದನ್ನು ಸೋರ್ಸ್ ಎನ್ನುತ್ತೇವೆ. ಅದು ಮಲಗುವ ಭಾರವಾದ ಪೆಟ್ಟಿಗೆಗೆ ಕ್ಯಾಮೆರಾ ಎನ್ನುತ್ತೇವೆ. ದೂರದಲ್ಲಿ ನಿಂತು ಹ್ಯಾಂಡಲ್ ತಿರುಗಿಸಿದರೆ ಒಂದು ತಂತಿ ಆ ಸೋರ್ಸನ್ನು ರಬ್ಬರ್ ಹೊದಿಕೆಯ ನಳಿಕೆಯೊಳಗೆ ತಳ್ಳಿಕೊಂಡು ವೆಲ್ಡಿಂಗಿನ ಹತ್ತಿರ ಒಯ್ಯುತ್ತದೆ. ಇನ್ನೊಂದು ಕಡೆ ಕಟ್ಟಿದ ಫಿಲಂ ಮೇಲೆ ಚಿತ್ರ ಬೀಳುತ್ತದೆ. ಆಮೇಲೆ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿ ಸೋರ್ಸನ್ನು ಪೆಟ್ಟಿಗೆಗೆ ಸೇರಿಸಬೇಕು. ಅದು ಹೊರಗಿರುವಷ್ಟು ಹೊತ್ತು ಕೋಣೆಯಲ್ಲಿ ಯಾರೂ ಇರಬಾರದು. ಮತ್ತೆ ಒಳಗೆ ಹೋಗುವವರು ವಿಕಿರಣ ಅಳೆಯುವ ಮೀಟರನ್ನು ಮುಂದೆ ಹಿಡಿದುಕೊಂಡೇ ಹೋಗಬೇಕು.

ಆ ಭಾನುವಾರದ ಕೆಲಸ ಪೀಣ್ಯದ ಒಂದು ಶೆಡ್ಡಿನೊಳಗಿನ ಇಟ್ಟಿಗೆ ಕೋಣೆಯಲ್ಲಿ. ಭಾನುವಾರವೇ ಯಾಕೆಂದರೆ ಅವತ್ತು ಅಲ್ಲಿ ಬೇರೆ ಕೆಲಸಗಾರರು ಇರುವುದಿಲ್ಲ. ರಾಷ್ಟ್ರೀಯ ಪರಮಾಣು ಸಂಶೋಧನಾ ಸಂಸ್ಥೆಯೊಂದಕ್ಕೆ ಆ ಶೆಡ್ಡಿನವರು ಕೊಳವೆ ಮಾಡಿಕೊಡುತ್ತಿದ್ದರು. ರಿಯಾಕ್ಟರಿನ ತಂಪುನೀರು ಇದ್ದಕ್ಕಿದ್ದಂತೆ ನಿಂತರೆ ತುರ್ತು ನೀರು ಎಷ್ಟು ಬೇಗ ಒಳಗೆ ತಲುಪುತ್ತದೆ ಎಂದು ಪರೀಕ್ಷಿಸುವ ಒಂದು ಅಣಕು ವ್ಯವಸ್ಥೆಯ ಕೊಳವೆಗಳು ಅವು. ಅಂದರೆ ಸುರಕ್ಷತೆಗೆಂದೇ ಮಾಡಿಸಿದ್ದು. ಆ ಮಾತನ್ನು ಯೋಚಿಸುತ್ತ ಎಷ್ಟೋ ರಾತ್ರಿ ಕಳೆದಿದ್ದೇನೆ.

ಇನ್ನು ಬ್ಯಾಡ್ಜಿನ ವಿಷಯ. ಈ ಕೆಲಸದವರೆಲ್ಲರಿಗೂ ಎದೆಯ ಮೇಲೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜ್ ಕೊಡುತ್ತಾರೆ. ಮೈಗೆ ಎಷ್ಟು ವಿಕಿರಣ ತಗುಲಿತು ಎಂದು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಓದಿಸುತ್ತಾರೆ. ಅಂಕಿ ಹೆಚ್ಚು ಬಂದರೆ ವಿವರಣೆ ಕೇಳಿ ಪತ್ರ ಬರುತ್ತದೆ, ಆ ಮನುಷ್ಯನ ಕೆಲಸ ನಿಲ್ಲುತ್ತದೆ. ನಮ್ಮಲ್ಲಿ ಆ ಮೂರರಲ್ಲಿ ಮೊದಲ ತಿಂಗಳು ಮಾತ್ರ ಎಲ್ಲರೂ ಬ್ಯಾಡ್ಜ್ ಹಾಕುತ್ತಿದ್ದರು. ಆಮೇಲೆ ಅವೆಲ್ಲ ಆಫೀಸಿನ ಡ್ರಾ ಸೇರುತ್ತಿದ್ದವು. ಹಾಗೆ ಮಾಡಿ ಎಂದು ಯಾರೂ ಆರ್ಡರ್ ಮಾಡಿರಲಿಲ್ಲ. ನಾನು ಸೇರಿದ ಹೊಸದರಲ್ಲಿ, ಫಿಲಂ ತೆಗೆಯುವ ನಮ್ಮ ಹಿರಿಯ ರೇಡಿಯೋಗ್ರಾಫರ್ ಹೇಳಿದ್ದರು:

"ಮೇಡಂ, ಅದನ್ನ ದಿನಾ ಆಕ್ಕೊಂಡು ಓಡಾಡ್ಬೇಡಿ. ಅದ್ಕೂ ರೆಸ್ಟ್ ಬೇಕು. ಇಲ್ದಿದ್ರೆ ನಮ್ಗೆ ಪರ್ಮನೆಂಟ್ ರೆಸ್ಟ್ ಕೊಡ್ಸುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಂಜಿನಿಯರಿಂಗ್ ಓದಿ, ಸುರಕ್ಷತೆಯ ಕೋರ್ಸ್ ಮಾಡಿ, ಬ್ಯಾಡ್ಜಿನ ಮಹತ್ವದ ಬಗ್ಗೆ ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದಿದ್ದವಳು ಆ ವಾರವೇ ನನ್ನ ಬ್ಯಾಡ್ಜನ್ನು ಸ್ಟೇಪ್ಲರ್ ಪಿನ್ನುಗಳ ಪಕ್ಕ ಇಟ್ಟೆ. ಆ ಭಾನುವಾರವೂ ಅದು ಅಲ್ಲೇ ಇತ್ತು.

ರೇಡಿಯೋಗ್ರಾಫರಿಗೆ ಐವತ್ತರ ಆಸುಪಾಸು. ಬೇಗೂರಿನ ಹಳೇ ಮನೆತನದವರು. ಅವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವತ್ತು ಅವರು ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಮೀಟರ್ ಹಿಡಿದು ಮುಂದೆ ನಡೆದರು. ಮುಳ್ಳು ಸೊನ್ನೆಯ ಮೇಲಿತ್ತು. ಮುಂದಿನ ಜಾಯಿಂಟುಗಳಿಗೆ ಬೇಕಾದ ಹೊಸ ಫಿಲಂಗಳನ್ನು ನನ್ನ ಬ್ಯಾಗಿನಲ್ಲಿ ಹಾಕಿಕೊಂಡು ನಾನು ಹಿಂದೆ ಹೋದೆ. ಆಗ ಫೋನು ಹೊಡೆದುಕೊಂಡಿತು.

"ಮಾತಾಡಿ ಮೇಡಂ. ಇದ್ನ ಬಿಚ್ಚಿ ಕಟ್ಟೋಕೆ ಟೈಮಾಯ್ತದೆ," ಎಂದರು ಅವರು.

ಅಮ್ಮ ದಾವಣಗೆರೆಯಿಂದ. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ಯಾವ ಸೀರೆ, ನಾನು ಶುಕ್ರವಾರವೇ ಹೊರಡುತ್ತೇನೋ ಇಲ್ಲವೋ, ಇಂಥವೇ ಮಾತು. ಬ್ಯಾಗನ್ನು ಕಬ್ಬಿಣದ ಸ್ಟೂಲಿನ ಮೇಲಿಟ್ಟೆ. ಫೋನಿನಲ್ಲಿ ಮಾತಾಡುವಾಗ ಒಂದು ಕಡೆ ನಿಲ್ಲುವ ಅಭ್ಯಾಸ ನನಗಿಲ್ಲ. ಮಾತು ಮುಗಿಸಿ ಬಂದು ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುವಾಗ ನೆಲದ ಮೇಲಿದ್ದ ಮೀಟರ್ ಕಣ್ಣಿಗೆ ಬಿತ್ತು. ಮುಳ್ಳು ಸೊನ್ನೆಯ ಮೇಲೆ ಅಂಟಿಸಿದಂತೆ ಮಲಗಿತ್ತು. ಸರಿಯಿರುವ ಮೀಟರಿನ ಮುಳ್ಳು ಹಾಗೆ ಮಲಗುವುದಿಲ್ಲ. ಏನೂ ಇಲ್ಲದ ಕಡೆಯೂ ಸ್ವಲ್ಪ ಮಿಸುಕಾಡುತ್ತಿರುತ್ತದೆ.

"ಅಣ್ಣ, ಈ ಮೀಟರ್ ಕೆಲಸ ಮಾಡ್ತಿದೆಯಾ?"

ಅವರು ತಿರುಗಿ ನೋಡಿದರು. ಬಂದು ಅದರ ಗುಂಡಿಯನ್ನು ಬ್ಯಾಟರಿ ನೋಡುವ ಕಡೆಗೆ ತಿರುಗಿಸಿದರು. ಮುಳ್ಳು ಅಲ್ಲಾಡಲಿಲ್ಲ. ಅವರು ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡು ಬಂದರು. ಅದಕ್ಕೂ ಮುಂಚೆ ಅವರು ಒಂದು ದಿನವೂ ನನ್ನನ್ನು ಮುಟ್ಟಿದವರಲ್ಲ. ವ್ಯಾನಿನಲ್ಲಿದ್ದ ಇನ್ನೊಂದು ಮೀಟರ್ ತಂದು ಬಾಗಿಲಿನ ಹತ್ತಿರ ಹಿಡಿದಾಗ ಅದು ಕಿರುಚಿಕೊಂಡಿತು.

ಆದದ್ದು ಇಷ್ಟು. ನಳಿಕೆಯ ಮೇಲೆ ಯಾವಾಗಲೋ ಒಂದು ಪೈಪ್ ಉರುಳಿ ತಗ್ಗು ಬಿದ್ದಿತ್ತು. ವಾಪಸ್ಸು ಬರುವಾಗ ಸೋರ್ಸ್ ಆ ತಗ್ಗಿನಲ್ಲಿ ಸಿಕ್ಕಿಕೊಂಡಿತ್ತು, ತಂತಿ ಕಳಚಿಕೊಂಡು ಬರಿಗೈಯಲ್ಲಿ ಪೆಟ್ಟಿಗೆಗೆ ಬಂದಿತ್ತು. ನಾವಿಬ್ಬರೂ ಅದರ ಸುತ್ತಮುತ್ತ ಓಡಾಡಿಕೊಂಡಿದ್ದೆವು. ನಾನು ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದೆ. ಬೊಮ್ಮಸಂದ್ರದಿಂದ ನಮ್ಮವರು ಸೀಸದ ಚೀಲ, ಉದ್ದನೆಯ ಇಕ್ಕಳ ತಂದು ಅದನ್ನು ಪೆಟ್ಟಿಗೆಗೆ ಸೇರಿಸಿದರು. ಅವರು ಬರುವುದಕ್ಕೇ ಎರಡು ಗಂಟೆ ಹಿಡಿಯಿತು. ನಾನು ಮನೆಯ ಬೀಗದ ಕೈ ಮತ್ತು ಪರ್ಸನ್ನಷ್ಟೇ ತೆಗೆದುಕೊಂಡು, ಬ್ಯಾಗನ್ನು ಫಿಲಂ ಸಮೇತ ಬೊಮ್ಮಸಂದ್ರದಿಂದ ಬಂದವರ ಕೈಗೆ ಕೊಟ್ಟು, ನಾಗಸಂದ್ರದ ನನ್ನ ಬಾಡಿಗೆ ಮನೆಗೆ ನಡೆದುಕೊಂಡೇ ಹೋದೆ.

ಸೋಮವಾರ ರಿಜಿಸ್ಟರ್ ನೋಡಿದೆ. ನಾಲ್ಕು ನಲವತ್ತೆಂಟಕ್ಕೆ ಸೋರ್ಸ್ ಸಿಕ್ಕಿಕೊಂಡಿತು, ಮೀಟರಿನಿಂದ ಕೂಡಲೇ ಗೊತ್ತಾಯಿತು, ಕೋಣೆಗೆ ಯಾರೂ ಪ್ರವೇಶಿಸಿಲ್ಲ ಎಂದು ಬರೆದಿತ್ತು. ಕೆಳಗೆ ರೇಡಿಯೋಗ್ರಾಫರ ಸಹಿ. ಕಂಪನಿಯ ಮಾಲೀಕರೇ ನಮ್ಮ ಸುರಕ್ಷತಾ ಅಧಿಕಾರಿ. ಅವರು ನನ್ನನ್ನು ಒಳಗೆ ಕರೆದು ಕಾಫಿ ತರಿಸಿದರು.

"ಸಾರ್, ನಾನು ಒಳಗಿದ್ದೆ. ಹನ್ನೊಂದು ನಿಮಿಷ."

"ಗಾಬರೀಲಿ ಹಾಗನ್ಸುತ್ತಮ್ಮ. ಯಾಕೆ ತಲೆ ಕೆಡಿಸ್ಕೊಳ್ತೀಯ? ಬ್ಯಾಡ್ಜ್ ಇದೆಯಲ್ಲ, ಕಳಿಸೋಣ. ಅದು ಏನ್ ಹೇಳುತ್ತೋ ಅದೇ ಫೈನಲ್."

ಬ್ಯಾಡ್ಜ್ ಎಲ್ಲಿತ್ತೆಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ನಾನು ಹಾಕಿಕೊಂಡಿರಲಿಲ್ಲ ಎಂದರೆ ತಪ್ಪು ಮೊದಲು ನನ್ನದೇ. ಕಾಫಿ ಕುಡಿದು ಹೊರಗೆ ಬಂದೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಸಂಖ್ಯೆ. ಆ ಹನ್ನೊಂದು ನಿಮಿಷದಲ್ಲಿ ನನ್ನ ಮೈಗೆ ತಗುಲಿದ್ದು ಎಷ್ಟು? ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆಗ ನೋವೂ ಆಗುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾವುದೋ ಕಾಯಿಲೆಯಾಗಿ ಬಂದರೆ ಅದು ಇದರಿಂದಲೇ ಎಂದು ಹೇಳುವುದಕ್ಕೂ ಆಗುವುದಿಲ್ಲ. ಈ ವಿಷಯ ಓದಿಕೊಂಡಿದ್ದು ಅನುಕೂಲಕ್ಕೆ ಬರಲಿಲ್ಲ. ಏನೇನು ಆಗಬಹುದು ಎಂಬ ಪಟ್ಟಿ ನನಗೆ ಬಾಯಿಪಾಠವಾಗಿತ್ತು.

ಆಮೇಲೆ ನಾನು ಎಲ್ಲರನ್ನೂ ಅನುಮಾನಿಸತೊಡಗಿದೆ. ಬೆಳಿಗ್ಗೆ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡುತ್ತಿದ್ದೆ. ಮನೆ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಎಲ್ಲ ಸರಿ ಇದೆ ಎಂದು ರಿಪೋರ್ಟ್ ಬಂತು. ಸ್ಯಾಂಪಲ್ ಅದಲುಬದಲಾಗಿರಬಹುದೆಂದು ಇನ್ನೊಂದು ಲ್ಯಾಬಿನಲ್ಲಿ ಕೊಟ್ಟೆ. ಆಫೀಸಿನಲ್ಲಿ ನಾನು ಹೋದ ಕೂಡಲೇ ಮಾತು ನಿಲ್ಲುತ್ತಿತ್ತು, ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು. ಮಾಲೀಕರು ಎರಡು ದಿನ ರಜೆ ತೆಗೆದುಕೋ ಎಂದರೆ, ಆ ಎರಡು ದಿನದಲ್ಲಿ ಏನನ್ನು ಬದಲಾಯಿಸಲಿದ್ದಾರೆ ಎಂದು ಯೋಚಿಸುತ್ತಿದ್ದೆ. ರೇಡಿಯೋಗ್ರಾಫರ್ ಒಂದು ಬೆಳಿಗ್ಗೆ ತಮ್ಮ ಮನೆಯಿಂದ ಅವರೆಕಾಳು ತಂದು ನನ್ನ ಮೇಜಿನ ಮೇಲಿಟ್ಟರು. ಸುಳ್ಳು ಸಹಿ ಹಾಕಿದ ಕೈಯಿಂದ ಬಂದದ್ದೆಂದು ಅದನ್ನು ಸೆಕ್ಯುರಿಟಿಯವರಿಗೆ ಕೊಟ್ಟುಬಿಟ್ಟೆ. ಮಲಗಿದರೆ ಮತ್ತೆ ಆ ಕೋಣೆ. ಗಂಟೆಗೊಮ್ಮೆ ಎಚ್ಚರ. ಅಮ್ಮನಿಗೆ ಹೇಳಲಿಲ್ಲ. ನಿಶ್ಚಿತಾರ್ಥಕ್ಕೂ ಹೋಗಲಿಲ್ಲ. ಕೆಲಸವಿದೆ ಎಂದೆ.

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಹೋಗುವಾಗ ಹೊಳೆಯಿತು: ನನ್ನ ಬ್ಯಾಗಿನಲ್ಲಿದ್ದ ಫಿಲಂ! ಬಳಸದ ಫಿಲಂ ಮೇಲೆ ವಿಕಿರಣ ಬಿದ್ದರೆ ಅದು ಮಬ್ಬಾಗುತ್ತದೆ. ಎಷ್ಟು ಬಿದ್ದಿದೆಯೋ ಅಷ್ಟು ಕಪ್ಪು. ಡ್ರಾದಲ್ಲಿದ್ದ ಬ್ಯಾಡ್ಜ್ ಹೇಳಲಾರದ್ದನ್ನು ಅದು ಹೇಳುತ್ತದೆ. ಮಾಲೀಕರನ್ನು ಕೇಳಿದರೆ, "ಅದು ಹಾಳಾಗಿರುತ್ತೆ, ಅವತ್ತೇ ಬಿಸಾಕ್ಸಿದೀನಿ," ಎಂದರು. ಕೇಳುವ ಮೊದಲೇ ಉತ್ತರ ರೆಡಿ ಇತ್ತು. ರೇಡಿಯೋಗ್ರಾಫರನ್ನು ಕೇಳಿದೆ. "ಗೊತ್ತಿಲ್ಲ ಮೇಡಂ," ಎಂದು ಕೈ ತೊಳೆಯಲು ಎದ್ದುಹೋದರು. ಅವರು ಆಗಲೇ ಕೈ ತೊಳೆದುಕೊಂಡಾಗಿತ್ತು.

ಒಂದು ವಾರದ ಮೇಲೆ ಅವರೇ ಫೋನ್ ಮಾಡಿ ನಾಗಸಂದ್ರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಬರಹೇಳಿದರು. ಅಷ್ಟು ದೂರ, ಊರಿನ ಆ ತುದಿಯಿಂದ ಈ ತುದಿಗೆ ಬಂದಿದ್ದರು. ಕಂಕುಳಲ್ಲಿ ಪೇಪರಿನ ಸುರುಳಿ.

"ತಕಳಿ. ನಿಮ್ ಬ್ಯಾಗ್ನಾಗಿದ್ದವು. ಸೋಮ್ವಾರನೇ ಡೆವಲಪ್ ಮಾಡಿ ತೊಳ್ದಿಟ್ಟೆ."

"ಬಿಸಾಕಿದ್ರು ಅಂದ್ರಲ್ಲ ಸಾಹೇಬ್ರು?"

"ಬಿಸಾಕು ಅಂದ್ರು. ನಂಗೂ ನೋಡ್ಬೇಕಿತ್ತಲ್ಲ ಮೇಡಂ. ಒಳ್ಗಿದ್ದೋರು ನೀವೊಬ್ರೇನಾ?"

"ಇಷ್ಟು ದಿನ ಯಾಕೆ ಕೊಡಲಿಲ್ಲ?"

"ನೀವು ಓದಿರೋರು. ಕೊಟ್ರೆ ನೀವು ಬರ್ದು ಕಳುಸ್ತೀರ. ಬರುದ್ರೆ ನನ್ನೆಸ್ರೂ ಬತ್ತದೆ. ನನ್ನ ಈ ಕೆಲ್ಸದಿಂದ ತೆಗುದ್ರೆ ಈ ವಯಸ್ನಾಗೆ ಇನ್ನೇನ್ ಮಾಡ್ಲಿ? ಬೇರೆ ಏನೂ ಬರಾಕಿಲ್ಲ ನಂಗೆ."

"ಈಗ್ಯಾಕೆ ಕೊಡ್ತಿದೀರಿ ಹಾಗಾದ್ರೆ?"

"ಮುಖ ನೋಡ್ಕೊಂಡಿದೀರಾ ಕನ್ನಡೀಲಿ?" ಎಂದರು. "ನಮ್ಮನೆಯೋಳು ಅವರೆಕಾಳು ತಿಂದ್ರಾ ಮೇಡಂ ಅಂತ ಕೇಳ್ತಾವ್ಳೆ. ನೀವು ಸೆಕ್ಯುರಿಟಿಗೆ ಕೊಟ್ಟಿದ್ದು ನಂಗೊತ್ತು. ಚೆನ್ನಾಗಿತ್ತಂತೆ, ಅವ್ನು ಯೋಳ್ದ."

ಮನೆಗೆ ಬಂದು ಫಿಲಂಗಳನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಬೇರೆ ಯಾವುದೋ ಹಾಳು ಫಿಲಂ ಕೊಟ್ಟು ಸುಮ್ಮನಾಗಿಸುತ್ತಿದ್ದಾರೆ ಎಂಬ ಅನುಮಾನ ಆಗಲೂ ಇತ್ತು. ಮೇಲಿನ ಫಿಲಂ ಹೊಗೆಯ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ನನ್ನ ಬೀಗದ ಕೈ ಗೊಂಚಲು ಬೆಳ್ಳಗೆ ಮೂಡಿತ್ತು. ತುದಿಯ ಹಲ್ಲು ಸವೆದ ಮನೆಯ ಕೀಲಿ, ಒಂದು ಸೇಫ್ಟಿ ಪಿನ್, ಟಿಫಿನ್ನಿನ ಚಮಚದ ಹಿಡಿ. ಬ್ಯಾಗಿನಲ್ಲಿ ಫಿಲಂಗೆ ಒತ್ತಿಕೊಂಡಿದ್ದ ಸಾಮಾನುಗಳೆಲ್ಲ ತಮ್ಮ ನೆರಳು ಬಿಟ್ಟಿದ್ದವು. ಆ ಕೀಲಿಯನ್ನು ನಾನು ಭಾನುವಾರ ಸಂಜೆಯೇ ಬ್ಯಾಗಿನಿಂದ ತೆಗೆದುಕೊಂಡು ಬಂದಿದ್ದೆ. ಅಂದರೆ ಈ ಮಬ್ಬು ಬಿದ್ದದ್ದು ಅದಕ್ಕೆ ಮುಂಚೆ. ಬೇರೆ ಯಾವ ದಿನವೂ ಅಲ್ಲ, ಬೇರೆ ಯಾರ ಬ್ಯಾಗೂ ಅಲ್ಲ.

ಬುಧವಾರ ಸಂಶೋಧನಾ ಸಂಸ್ಥೆಯ ಇನ್‌ಸ್ಪೆಕ್ಟರ್ ಕೊಳವೆಗಳ ಫಿಲಂ ನೋಡಲು ನಮ್ಮ ಆಫೀಸಿಗೆ ಬಂದರು. ಬಾಗಲಕೋಟೆ ಕಡೆಯ ಹಿರಿಯ ವಿಜ್ಞಾನಿ, ಹಣೆಯಲ್ಲಿ ತೆಳುವಾಗಿ ವಿಭೂತಿ. ಅವರು ದೀಪದ ಪೆಟ್ಟಿಗೆಯ ಮೇಲೆ ಒಂದೊಂದೇ ಫಿಲಂ ಇಟ್ಟು ನೋಡುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ನಂಬರ್ ಹೇಳುತ್ತಿದ್ದೆ. ಮಾಲೀಕರು ಹೊರಗೆ ಫೋನಿನಲ್ಲಿದ್ದರು. ಕೊನೆಯದರ ಮೇಲೆ ನನ್ನದನ್ನು ಇಟ್ಟೆ.

"ಇದು ಯಾವ ಜಾಯಿಂಟ್ ರೀ?"

"ಜಾಯಿಂಟ್ ಅಲ್ಲ ಸಾರ್. ಇದು ನನ್ನ ಬ್ಯಾಗು."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಬಾಗಿಲಾ ಹಾಕ್ರಿ," ಎಂದರು. ಎಲ್ಲವನ್ನೂ ಹೇಳಿದೆ. ಡ್ರಾದ ವಿಷಯವನ್ನೂ ಹೇಳಿದೆ.

"ಶಾಣ್ಯಾರದೀರಿ," ಎಂದರು. "ಥರ್ಮಾಮೀಟರ್ ಡಬ್ಬಿಯೊಳಗಿಟ್ಟು ಜ್ವರ ಇಲ್ಲ ಅನ್ನೂ ಮಂದಿ ನೀವು."

ಅವರು ಫಿಲಂನ ಕಪ್ಪನ್ನು ಉಪಕರಣದಿಂದ ಅಳೆದು, ಫಿಲಂ ಕಂಪನಿಯ ಪಟ್ಟಿ ತೆಗೆದು, ಬಹಳ ಹೊತ್ತು ಬರೆದರು.

"ಬ್ಯಾಗಿಗೆ ತಗುಲಿದ್ದು ಅಂಜೂವಷ್ಟಿಲ್ಲ. ಆದ್ರ ಇದು ಬ್ಯಾಗಿನ ಲೆಕ್ಕ. ನೀವೆಲ್ಲಿ ನಿಂತಿದ್ರಿ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರ?"

"ಫೋನಲ್ಲಿ ಮಾತಾಡ್ತಾ ಓಡಾಡ್ತಿರ್ತೀನಿ. ಎಲ್ಲಿ ಹೋದೆ ಅನ್ನೋದು ನೆನಪಿಲ್ಲ."

"ಅದೇ ಮುಖ್ಯ ನೋಡ್ರಿ. ಸೋರ್ಸಿಂದ ಬ್ಯಾಗ್ ಇದ್ದದ್ರ ಅರ್ಧ ದೂರಕ್ಕ ಹೋಗಿದ್ರ ನಾಲ್ಕು ಪಟ್ಟು. ಅದಕ್ಕೂ ಅರ್ಧಕ್ಕ ಹೋಗಿದ್ರ ಹದಿನಾರು." ಅಲ್ಲಿಗೆ ನಿಲ್ಲಿಸಿ, "ಬರ್ದು ಕೊಡ್ರಿ. ನಾ ಎನ್‌ಕ್ವಾಯರಿ ಮಾಡಸ್ತೀನಿ," ಎಂದರು.

ಬರೆದು ಕೊಟ್ಟೆ. ನಿದ್ದೆ ಮಾತ್ರ ಮೊದಲಿಗಿಂತ ಕೆಟ್ಟಿತು. ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಆ ಕೋಣೆಯನ್ನು ಬರೆದೆ. ಇಲ್ಲಿ ಸ್ಟೂಲು, ಇಲ್ಲಿ ಕೊಳವೆ, ನಳಿಕೆ ಹೀಗೆ ಹೋಗಿತ್ತು, ತಗ್ಗು ಇಲ್ಲಿ. ಫೋನನ್ನು ಕಿವಿಗಿಟ್ಟುಕೊಂಡು ನಡೆದು ನೋಡಿದೆ. ಒಮ್ಮೆ ಸ್ಟೂಲಿನ ಪಕ್ಕವೇ ನಿಂತಿದ್ದೆ ಎನಿಸಿತು. ಇನ್ನೊಮ್ಮೆ ನಳಿಕೆಯನ್ನೇ ದಾಟಿ ಆಚೆಗೆ ಹೋಗಿದ್ದೆ ಎನಿಸಿತು. ಯೋಚಿಸಿದಷ್ಟೂ ನನ್ನ ನೆನಪು ನನ್ನನ್ನು ಆ ತಗ್ಗಿನ ಹತ್ತಿರ ಹತ್ತಿರಕ್ಕೆ ಒಯ್ಯುತ್ತಿತ್ತು. ನಾನು ಎಲ್ಲಿದ್ದೆ ಎಂದು ನೋಡಿದ್ದವರು ಜಗತ್ತಿನಲ್ಲಿ ಒಬ್ಬರೇ. ಅದನ್ನು ಹೇಳಬೇಕಾದರೆ ಅವರು ತಾವೂ ಒಳಗಿದ್ದದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಅವರ ಕೆಲಸ ಹೋಗುತ್ತದೆ.

ವಿಚಾರಣೆ ನಮ್ಮ ಆಫೀಸಿನಲ್ಲೇ ನಡೆಯಿತು. ಇನ್‌ಸ್ಪೆಕ್ಟರ್ ಮತ್ತು ಅವರ ಸಂಸ್ಥೆಯಿಂದ ಬಂದಿದ್ದ ಒಬ್ಬ ಅಧಿಕಾರಿ ಮೇಜಿನ ಆ ಕಡೆ, ನಾವು ಮೂವರು ಈ ಕಡೆ. ಮಾಲೀಕರು ರಿಜಿಸ್ಟರ್ ತೆರೆದಿಟ್ಟರು. ನಾನು ಮೊಬೈಲ್ ತೋರಿಸಿದೆ. "ಫೋನ್ ಎಲ್ಲಿಂದ ಬೇಕಾದ್ರೂ ಮಾತಾಡಬಹುದಲ್ವಾ ಸಾರ್," ಎಂದರು ಮಾಲೀಕರು. ಇನ್‌ಸ್ಪೆಕ್ಟರ್ ರೇಡಿಯೋಗ್ರಾಫರ ಕಡೆ ತಿರುಗಿದರು.

"ಈ ಸಹಿ ನಿಮ್ದ?"

"ನಂದೇ ಸಾರ್."

"ಇದರಾಗ ಬರದಿದ್ದು ಖರೇನ?"

ಅವರು ತಮ್ಮ ಅಂಗೈ ನೋಡಿಕೊಂಡರು. ನಾನು ಅವರ ಮುಖ ನೋಡಲಿಲ್ಲ. ಸುಳ್ಳು ಹೇಳುವುದನ್ನು ನೋಡಲು ಇಷ್ಟವಿರಲಿಲ್ಲ.

"ಇಲ್ಲ ಸಾರ್," ಎಂದರು. "ಮೇಡಂ ಒಳಗಿದ್ರು. ನಾನೂ ಇದ್ದೆ. ಮೀಟ್ರು ಚೆಕ್ ಮಾಡ್ದೆ ಒಳೀಕ್ ಓಗಿದ್ದು ನಾನೇ."

"ಬ್ಯಾಡ್ಜ?"

"ಡ್ರಾನಾಗಿದ್ವು. ನಂದೂ, ಮೇಡಂದೂ, ಎಲ್ಲಾರ್ದೂ. ಇಡಿ ಅಂತ ಮೇಡಂಗೆ ಯೋಳ್ಕೊಟ್ಟೋನೂ ನಾನೇ."

ಮಾಲೀಕರು, "ಏನಯ್ಯ ಮಾತಾಡ್ತಿದೀಯ?" ಎಂದರು. ಇನ್‌ಸ್ಪೆಕ್ಟರ್ ಕೈ ಎತ್ತಿ ಅವರನ್ನು ಸುಮ್ಮನಿರಿಸಿ, "ಮೇಡಂ ಎಲ್ಲಿ ನಿಂತಿದ್ರು? ನೆನಪದ?" ಎಂದು ಕೇಳಿದರು.

"ಅದೆಂಗ್ ನೆನ್ಪಿಲ್ದೆ ಇರ್ತದೆ? ಬ್ಯಾಗ್ನ ಸ್ಟೂಲ್ ಮ್ಯಾಲಿಕ್ಕಿದ್ರು. ಒಳ್ಗೆ ನೆಟ್‌ವರ್ಕ್ ಸಿಗಾಕಿಲ್ಲ. ಇರಮ್ಮ ಇರಮ್ಮ ಅನ್ಕೊಂಡು ಬಾಗ್ಲತ್ರ ಓದ್ರು. ಮಾತು ಮುಗಿಯೋಗಂಟ ಅಲ್ಲೇ, ಹೊಸ್ಲು ಮೇಲೆ, ಗೋಡೆಗೆ ಒರಗ್ಕೊಂಡು. ಕಡೀಕೆ ಬ್ಯಾಗ್ ಎತ್ಕೊಳಾಕೆ ಒಂದು ಗಳಿಗೆ ಒಳಗ್ ಬಂದ್ರು, ಮೀಟ್ರು ನೋಡಿದ್ರು. ಅಷ್ಟೇಯ. ಅತ್ರದಲ್ಲಿದ್ದೋನು ನಾನು."

ಬ್ಯಾಗಿಗಿಂತ ನಾನು ದೂರದಲ್ಲಿದ್ದೆ. ಇನ್‌ಸ್ಪೆಕ್ಟರ್ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ನೀವು ಎಷ್ಟು ಹತ್ರ ಇದ್ರಿ?" ಎಂದು ಅವರನ್ನು ಕೇಳಿದರು. ಅವರು ಎದ್ದುನಿಂತು, ಮೇಜಿನಿಂದ ಬಾಗಿಲಿನ ಕಡೆಗೆ ಎರಡು ಹೆಜ್ಜೆ ಅಳೆದು ತೋರಿಸಿದರು.

ಅವತ್ತೇ ನಮ್ಮ ಕ್ಯಾಮೆರಾಗಳಿಗೆ ಸೀಲ್ ಹಾಕಿದರು. ನಮ್ಮಿಬ್ಬರ ರಕ್ತ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋಯಿತು. ಅದರ ಫಲಿತಾಂಶ ಬಂದದ್ದು ಬಹಳ ದಿನಗಳ ನಂತರ: ನನ್ನದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಅವರದರಲ್ಲಿ ಸ್ವಲ್ಪ ಇತ್ತು. ಕಾಯಿಲೆ ಬೀಳುವಷ್ಟಲ್ಲ, ಆದರೆ ಈ ಕೆಲಸದಿಂದ ದೂರ ಇಡುವಷ್ಟು. ಈಗ ಅವರು ಪೀಣ್ಯದ ಶೆಡ್ಡುಗಳಲ್ಲಿ ಟಾರ್ಚು, ಸಣ್ಣ ಕನ್ನಡಿ ಹಿಡಿದು ವೆಲ್ಡಿಂಗನ್ನು ಬರಿಗಣ್ಣಿನಿಂದ ನೋಡುವ ಕೆಲಸ ಮಾಡುತ್ತಾರೆ. ಸಂಬಳ ಕಡಿಮೆ. ನನಗೆ ಸಿಕ್ಕಾಗ ಆ ಬಗ್ಗೆ ಮಾತು ತೆಗೆಯುವುದಿಲ್ಲ.

ವಿಚಾರಣೆ ಮುಗಿದ ದಿನವೇ ನನಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ರೇಡಿಯೋಗ್ರಾಫರ್ ನನ್ನ ಮುಖ ನೋಡಿ ಮರುಗಿ ಆ ಹೊಸ್ತಿಲಿನ ಮಾತನ್ನು ಕಟ್ಟಿ ಹೇಳಿದರೇ? ಒಂದು ಸುಳ್ಳಿಗೆ ಸಹಿ ಹಾಕಿದವರು ಇನ್ನೊಂದನ್ನು ಒಳ್ಳೆಯದಕ್ಕೆಂದು ಹೇಳಿರಬಾರದೇ? ಮುಂದಿನ ಭಾನುವಾರ ಮಧ್ಯಾಹ್ನ ನಾನೇ ಆ ಶೆಡ್ಡಿಗೆ ಹೋದೆ. ಸೆಕ್ಯುರಿಟಿಯವರು ಗುರುತು ಹಿಡಿದು ಬಿಟ್ಟರು. ಇಟ್ಟಿಗೆ ಕೋಣೆ ಖಾಲಿ ಇತ್ತು. ಸ್ಟೂಲ್ ಇದ್ದ ಜಾಗದಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಒಂದು ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದೆ. ಅಮ್ಮ ಎತ್ತಿದಳು, "ಹಲೋ, ಹಲೋ," ಎಂದಳು, ಕಟ್ಟಾಯಿತು. ನಳಿಕೆ ಹಾದುಹೋಗಿದ್ದ ಮೂಲೆಗೆ ಹೋದೆ. ಅಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ನಾಲ್ಕು ಸಲ, ಐದು ಸಲ ಪ್ರಯತ್ನಿಸಿದೆ. ಆ ಕೋಣೆಯೊಳಗೆ ಹನ್ನೊಂದು ನಿಮಿಷವಿರಲಿ, ಒಂದು ನಿಮಿಷ ಮಾತಾಡಲೂ ಸಾಧ್ಯವಿರಲಿಲ್ಲ. ಹೊಸ್ತಿಲಿಗೆ ಬಂದು ಮತ್ತೆ ಮಾಡಿದೆ.

"ಈಗ ಕೇಳ್ತು," ಎಂದಳು ಅಮ್ಮ. "ಎಲ್ಲಿ ಅಡ್ಡಾಡ್ತಿದೀಯೇ?"

ಗೋಡೆಗೆ ಒರಗಿ ನಿಂತುಕೊಂಡೆ. ಅಲ್ಲಿಂದಲೇ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ನೋಡಲಿಲ್ಲ. ಕೊನೆಗೆ, "ರಾತ್ರಿ ಬಸ್ಸಿಗೆ ಹೊರಡ್ತೀನಿ. ನೀ ಉಂಡು ಮಲ್ಕೋ," ಎಂದಳು.

ಅನ್ನ, ತಿಳಿಸಾರು ಮಾಡಿ ಉಂಡೆ. ನೆಲದ ಮೇಲಿನ ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಲ್ಲೇ ಚಾಪೆ ಹಾಸಿ ಮಲಗಿದೆ. ಆಗ ಎಂಟೂವರೆ ಆಗಿತ್ತೇನೋ. ಬೆಳಿಗ್ಗೆ ಆರಕ್ಕೆ ಅಮ್ಮ ಬಂದು ಬಾಗಿಲು ಬಡಿದಿದ್ದಾಳೆ, ಫೋನ್ ಮಾಡಿದ್ದಾಳೆ, ಕಿಟಕಿ ತಟ್ಟಿದ್ದಾಳೆ. ಕೊನೆಗೆ ಕೆಳಗಿನ ಮನೆಯ ಓನರ್ ಆಂಟಿ ಬಂದು ಇಬ್ಬರೂ ಸೇರಿ ಬಡಿದಾಗ ನನಗೆ ಎಚ್ಚರವಾಯಿತು.

"ಎಷ್ಟ್ ಹೊತ್ತಿಂದ ಬಡೀತಿದೀನಿ," ಎಂದಳು ಅಮ್ಮ. ಕೈಯಲ್ಲಿ ಚೀಲ, ಮುಖದಲ್ಲಿ ಭಯ. "ಏನ್ ಮಾಡ್ತಿದ್ದೆ?"

"ಮಲಗಿದ್ದೆ," ಎಂದೆ.